ಹೆಬ್ಬೆಟ್ಟು ಒತ್ತಿದ್ದು ನಾವೇ

ಈ ಸಲದ ರಾಜ್ಯೋತ್ಸವದ ಬ್ಯಾನರ್ ನೋಡಿ ತುಂಬಾ ಜನ "ಚೆನ್ನಾಗಿದೆ, ಎಲ್ಲಿ ಮಾಡಿಸಿದ್ರಿ?" ಅಂತ ಕೇಳಿದ್ರಿ. ಮಾಡಿಸಿದ್ದು ಸೋಮವಾರಪೇಟೆಯಲ್ಲಿ. ಆದರೆ ಅದು ಸ್ಟೇಜಿಗೆ ಬರೋ ಹಿಂದಿನ ರಾತ್ರಿ ಏನಾಯ್ತು ಅಂತ ನಾವು ಯಾರಿಗೂ ಹೇಳಿರಲಿಲ್ಲ. ಹೇಳೋಕೆ ನಾಚಿಕೆ ಆಗಿತ್ತು. ಈಗ ಬರೀತಿರೋದು ಯಾಕೆ ಅಂದ್ರೆ, ಆ ರಾತ್ರಿ ನೋಡಿದ ಒಂದು ವಿಷಯಕ್ಕೂ ನಮ್ಮ ಕನ್ನಡ ಸಂಘ ವರ್ಷವಿಡೀ ಮಾಡೋ ಕೆಲಸಕ್ಕೂ ನೇರ ಸಂಬಂಧ ಇದೆ ಅಂತ ನಮಗೆ ಅನ್ನಿಸಿದೆ. ಓದಿ, ಒಪ್ಪದೇ ಇದ್ರೆ ಬಂದು ಜಗಳ ಮಾಡಿ.

ನಾವು ನಾಲ್ಕು ಜನ, ಎಲ್ಲರೂ ಸೆಕೆಂಡ್ ಇಯರ್. ನಾಲ್ವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮನೇಲಿ ಮಾತಾಡ್ತೀವಿ, ಮೆಸೇಜ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲಿ ಬರೀತೀವಿ, ಫಸ್ಟ್ ಇಯರ್‌ನಲ್ಲಿ ವಿಟಿಯು ಕೊಟ್ಟ ‘ಸಾಂಸ್ಕೃತಿಕ ಕನ್ನಡ’ದ ಒಂದು ಕ್ರೆಡಿಟ್ ತಗೊಂಡಿದ್ದೀವಿ. ಅಷ್ಟೇ ನಮ್ಮ ಬಂಡವಾಳ. ನಮ್ಮಲ್ಲಿ ಒಬ್ಬನ ಮನೆ ಸೋಮವಾರಪೇಟೆ. ಅಲ್ಲಿ ಪರಿಚಯದ ಅಂಗಡಿ ಇದೆ, ಬೇಗ ಮಾಡಿಕೊಡ್ತಾರೆ ಅಂತ ಅಕ್ಟೋಬರ್ 31ರ ಸಂಜೆ ನಾಲ್ವರೂ ಬಸ್ ಹತ್ತಿದ್ವಿ. ಬ್ಯಾನರ್ ಬಟ್ಟೆಯದ್ದೇ ಆಗಬೇಕು ಅಂತ ಸಂಘದಲ್ಲಿ ಮೊದಲೇ ತೀರ್ಮಾನ ಆಗಿತ್ತು. ಪ್ಲಾಸ್ಟಿಕ್ ಫ್ಲೆಕ್ಸನ್ನ ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧ ಮಾಡಿದೆ, ನಾವೇ ಅದನ್ನ ಕಟ್ಟೋದು ಸರಿಯಲ್ಲ ಅಂತ.

ಅಂಗಡಿ ಚಿಕ್ಕದು. ಮುಂದೆ ಒಂದು ಕೌಂಟರ್, ಹಿಂದೆ ಇಡೀ ಗೋಡೆಯುದ್ದಕ್ಕೂ ಒಂದೇ ಯಂತ್ರ. 54 ಇಂಚು ಅಗಲದ ರೋಲ್ ಹಾಕಬಹುದಾದ ಪ್ರಿಂಟರ್, ಅದರಲ್ಲೇ ಕಟರ್ ಕೂಡ ಇದೆ. ಮೊದಲು ಪ್ರಿಂಟ್ ಮಾಡ್ತದೆ, ಆಮೇಲೆ ಅದೇ ರೋಲನ್ನ ಹಿಂದಕ್ಕೆ ಎಳ್ಕೊಂಡು ಬ್ಲೇಡಿನಿಂದ ಸ್ಟಿಕ್ಕರಿನ ಆಕಾರಕ್ಕೆ ಕತ್ತರಿಸ್ತದೆ. ಜೀಪಿನ ಗಾಜಿನ ಮೇಲಿನ ಹೆಸರು, ಎಸ್ಟೇಟ್ ಗೇಟಿನ ಬೋರ್ಡು, ಗೃಹಪ್ರವೇಶದ ಬ್ಯಾನರು, ಹೋಮ್‌ಸ್ಟೇ ಬೋರ್ಡು, ಎಲ್ಲ ಅದರಲ್ಲೇ. ಅವತ್ತು ರಾಜ್ಯೋತ್ಸವದ ಹಿಂದಿನ ದಿನ, ಆರ್ಡರ್ ತುಂಬಾ ಇತ್ತು. ಆಟೋ ಸ್ಟ್ಯಾಂಡಿನವರ ಹಳದಿ ಕೆಂಪು ಸ್ಟಿಕ್ಕರ್ ಒಂದು ಕಡೆ ಒಣಗ್ತಾ ಇತ್ತು. ಕೌಂಟರ್ ಪಕ್ಕ ಬೆಂಚಿನ ಮೇಲೆ ಒಬ್ಬರು ಕೂತಿದ್ರು, ನಮ್ಮ ಅಪ್ಪಂದಿರ ವಯಸ್ಸು. ಅವರ ತಂದೆ ಮಧ್ಯಾಹ್ನ ತೀರಿಕೊಂಡಿದ್ರಂತೆ. ಬೆಳಿಗ್ಗೆ ಅಂತ್ಯಸಂಸ್ಕಾರ. ಶ್ರದ್ಧಾಂಜಲಿ ಬೋರ್ಡಿಗೆ ಫೋಟೋ ಕೊಟ್ಟು ಕಾಯ್ತಾ ಇದ್ರು.

ಯಂತ್ರ ನಡೆಸೋ ಅಣ್ಣ ಶಾಂತಳ್ಳಿ ರಸ್ತೆ ಕಡೆ ಒಂದು ಬೋರ್ಡ್ ಕಟ್ಟೋಕೆ ಹೋಗಿದ್ರು. ಹೋಗೋ ಮೊದಲು ನಮ್ಮ ಬಟ್ಟೆ ಹಾಕಿ ಪ್ರಿಂಟ್ ಶುರು ಮಾಡಿದ್ರು. ಅಂಗಡಿ ಯಜಮಾನರು ಕೌಂಟರಿನಲ್ಲಿದ್ರು. ನಾವು ಯಂತ್ರದ ಮುಂದೆ ನಿಂತು ಅಕ್ಷರ ಒಂದೊಂದೇ ಮೂಡೋದನ್ನ ವಿಡಿಯೋ ಮಾಡ್ತಾ ಇದ್ವಿ.

ಸುಮಾರು ಕಾಲು ಭಾಗ ಆಗಿರಬಹುದು. ಬಟ್ಟೆಯ ಅಂಚಿನಿಂದ ಒಂದು ನೂಲು ಎದ್ದು ಹೆಡ್ಡಿಗೆ ತಾಗೋ ಹಾಗೆ ಕಾಣಿಸ್ತು. ನಮ್ಮಲ್ಲಿ ಒಬ್ಬ ಮುಚ್ಚಳ ಎತ್ತಿದ, ಯಂತ್ರ ತಾನಾಗಿ ನಿಂತಿತು, ಕೈ ಹಾಕಿ ನೂಲು ಎಳೆದು ತೆಗೆದ, ಮುಚ್ಚಳ ಮುಚ್ಚಿದ. ಒಳ್ಳೆ ಕೆಲಸ ಮಾಡ್ದೆ ಅಂತ ನಾವೂ ಬೆನ್ನು ತಟ್ಟಿದ್ವಿ. ಯಂತ್ರ ಮತ್ತೆ ಶುರುವಾಯ್ತು. ಎರಡನೇ ಓಟಕ್ಕೇ ಢಬ್ ಅಂತ ಒಂದು ಸದ್ದು. ಕ್ಯಾರೇಜ್ ಮಧ್ಯದಲ್ಲೇ ನಿಂತಿತು. ಪುಟ್ಟ ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ಮೋಟಾರ್ ಎರರ್, ಪವರ್ ಆಫ್ ಮಾಡಿ’ ಅಂತ ಬಂತು, ಜೊತೆಗೆ ಒಂದು ನಂಬರು.

ಆಫ್ ಮಾಡಿ ಆನ್ ಮಾಡಿದ್ರು. ಮತ್ತೆ ಅದೇ.

ಯಜಮಾನರು ಸರ್ವಿಸ್‌ಗೆ ಫೋನ್ ಮಾಡಿದ್ರು. ಆ ಕಡೆಯವರು ಹೇಳಿದ್ದು ಪ್ರಾಮಾಣಿಕ ಮಾತೇ: ನೋಡದೆ ಹೇಳೋಕಾಗಲ್ಲ, ಮೋಟಾರ್ ಇರಬಹುದು, ಬೋರ್ಡ್ ಇರಬಹುದು, ಜನ ಬರೋಕೆ ಮೂರ್ನಾಲ್ಕು ದಿನ ಆಗ್ತದೆ. ‘ಇರಬಹುದು’ ಅನ್ನೋದನ್ನ ‘ಹೌದು’ ಮಾಡಿದ್ದು ನಾವು. ಯಜಮಾನರು ನಮ್ಮ ಕಡೆ ತಿರುಗಿ "ನೀವು ಇಂಜಿನಿಯರಿಂಗ್ ಅಲ್ವಾ, ಎಂತ ಅಂತ ಬರ್ದಿದೆ ನೋಡಿ" ಅಂದ್ರು. ನಾವು ನಾಲ್ವರೂ ಒಟ್ಟಿಗೆ ಬಗ್ಗಿ ಓದಿದ್ವಿ. "ಮೋಟಾರ್ ಹೋಗಿದೆ ಸಾರ್. ಕ್ಲಿಯರಾಗಿ ಬರ್ದಿದೆಯಲ್ಲ. ಹೊಸದು ಆರ್ಡರ್ ಮಾಡೋದೇ ಬೆಸ್ಟು." ಅವರು ಕ್ಯಾಲ್ಕುಲೇಟರ್ ತೆಗೆದ್ರು. ಮೋಟಾರು, ಬರೋರ ಖರ್ಚು, ಮೂರ್ನಾಲ್ಕು ದಿನದ ಆರ್ಡರು. ಬೆಂಚಿನ ಮೇಲಿದ್ದವರು ಎದ್ದು ನಿಂತು, ಈ ಹೊತ್ತಿನಲ್ಲಿ ಕುಶಾಲನಗರದಲ್ಲಿ ಯಾರಾದ್ರೂ ತೆಗೆದಿರ್ತಾರಾ ಅಂತ ಫೋನಿನಲ್ಲಿ ಕೇಳೋಕೆ ಶುರು ಮಾಡಿದ್ರು. ಹೊರಗೆ ಮಳೆ ಹನೀತಾ ಇತ್ತು.

ಆಗ ಅಣ್ಣ ಬಂದ್ರು. ಪರದೆ ಕಡೆ ಸರಿಯಾಗಿ ನೋಡಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದ್ರು.

"ಎಲ್ಲಿ ನಿಲ್ತದೆ?"

ನಮಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಎಲ್ಲಿ ಅಂದ್ರೆ? ನಿಂತಿದೆ, ಅಷ್ಟೇ. "ಅದಲ್ಲ, ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ತದಾ, ಇಲ್ಲ ಒಂದೊಂದು ಸಲ ಒಂದೊಂದು ಕಡೆ ನಿಲ್ತದಾ?" ನಾಲ್ಕು ಜನ, ಎರಡು ವಿಡಿಯೋ, ಆದ್ರೂ ಯಾರೂ ನೋಡಿರಲಿಲ್ಲ.

ಅವರು ಬಟ್ಟೆಯನ್ನ ಹೊರಗೆ ತೆಗೆದ್ರು. ಯಂತ್ರದ ಮುಂಭಾಗದಲ್ಲಿ ಉದ್ದಕ್ಕೆ ಕಾಗದದ ಟೇಪ್ ಅಂಟಿಸಿದ್ರು. ಆನ್ ಮಾಡಿದ್ರು. ಇಂಥ ಯಂತ್ರ ಆನ್ ಆದ ಕೂಡಲೇ ಕ್ಯಾರೇಜ್ ತನ್ನಷ್ಟಕ್ಕೆ ಒಮ್ಮೆ ಓಡಾಡಿ ನೋಡ್ತದೆ. ನಿಂತ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ರು. ಇನ್ನೊಮ್ಮೆ. ಎರಡೂ ಗೆರೆಗಳ ಮಧ್ಯೆ ಒಂದು ಬೆರಳಿನ ಅಂತರವೂ ಇರಲಿಲ್ಲ. "ಹಾಗಾದ್ರೆ ಮೋಟಾರಲ್ಲ" ಅಂದ್ರು. "ಮೋಟಾರಿಗೆ ತಾನು ಎಲ್ಲಿದ್ದೀನಿ ಅಂತ ಏನ್ ಗೊತ್ತು? ಅದು ಸೋತ್ರೆ ಎಲ್ಲ ಕಡೆನೂ ಸೋಲ್ತದೆ."

ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾರೇಜಿನ ಪಕ್ಕಕ್ಕೆ ಎರಡು ಬೆರಳು ಇಟ್ಟು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಳ್ಳಿದ್ರು. "ಎಲ್ಲೂ ಹಿಡೀತಿಲ್ಲ. ರೈಲ್ ಚೆನ್ನಾಗಿದೆ." ಬೆಲ್ಟನ್ನ ಹೆಬ್ಬೆರಳಿಂದ ಒತ್ತಿ ನೋಡಿದ್ರು. "ಬೆಲ್ಟೂ ಬಿಗಿಯಾಗೇ ಇದೆ." ಕೊನೆಗೆ ಮೊಬೈಲ್ ಟಾರ್ಚ್ ಹಿಡಿದು, ಗೆರೆ ಹಾಕಿದ ಜಾಗಕ್ಕೆ ನೇರವಾಗಿ ಒಳಗೆ ಇಣುಕಿದ್ರು. ಅಲ್ಲಿ ಎಡದಿಂದ ಬಲಕ್ಕೆ ಒಂದು ತೆಳು ಪಾರದರ್ಶಕ ಪಟ್ಟಿ ಬಿಗಿದಿತ್ತು. ಎನ್‌ಕೋಡರ್ ಸ್ಟ್ರಿಪ್. ಅದರ ಮೇಲೆ ಒಂದು ಮಸಿ ಗುರುತು.

"ಯಾರೋ ಹೆಬ್ಬೆಟ್ಟು ಒತ್ತಿದಾರೆ ಇಲ್ಲಿ" ಅಂತ ನಕ್ಕರು.

ನಮ್ಮ ಗೆಳೆಯ ಮೆಲ್ಲಗೆ ತನ್ನ ಕೈ ನೋಡ್ಕೊಂಡ. ಹೆಬ್ಬೆರಳ ತುದಿ ಪೂರ್ತಿ ಇಂಕ್. ನೂಲು ಎಳೆಯೋವಾಗ ಕೈ ತಾಗಿತ್ತು. ಓದು ಬರಹ ಬಾರದವರನ್ನ ನಮ್ಮ ಕಡೆ ಹೆಬ್ಬೆಟ್ಟು ಅಂತಾರೆ. ಆ ರಾತ್ರಿ ಅಂಗಡಿಯಲ್ಲಿ ಇಂಗ್ಲಿಷ್ ಎಲ್ಲರಿಗಿಂತ ಚೆನ್ನಾಗಿ ಬರ್ತಿದ್ದ ನಾವೇ ಹೆಬ್ಬೆಟ್ಟು ಒತ್ತಿ, ಯಜಮಾನರಿಗೆ ಮೋಟಾರ್ ಕೊಳ್ಳಿ ಅಂತ ಸಲಹೆ ಕೊಟ್ಟು ಕೂತಿದ್ವಿ.

ಅಣ್ಣ ಬೈಯ್ಯಲಿಲ್ಲ. ಸ್ಟ್ರಿಪ್ಪನ್ನ ಒರೆಸಿ, ಆನ್ ಮಾಡಿದ್ರು. ಕ್ಯಾರೇಜ್ ಆ ಜಾಗ ದಾಟಿ ಹೋಯ್ತು. ಮೊದಲು ಶ್ರದ್ಧಾಂಜಲಿ ಬೋರ್ಡ್ ಮಾಡಿದ್ರು. ಆಮೇಲೆ ಆಟೋ ಸ್ಟ್ಯಾಂಡಿನ ಉಳಿದ ಸ್ಟಿಕ್ಕರು. ನಮ್ಮ ಬ್ಯಾನರ್ ಕೊನೆಗೆ. ಯಾರೂ ತಕರಾರು ಮಾಡಲಿಲ್ಲ.

ಈಗ ಇದನ್ನ ನಮ್ಮ ಭಾಷೆಯಲ್ಲಿ, ಅಂದ್ರೆ ಲೆಕ್ಕದ ಭಾಷೆಯಲ್ಲಿ ನೋಡೋಣ. ಆ ಸ್ಟ್ರಿಪ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿರ್ತವೆ. ಇಂಚಿಗೆ 180 ಗೆರೆ ಇರೋ ಸ್ಟ್ರಿಪ್‌ಗಳು ಸಾಮಾನ್ಯ. 54 ಇಂಚಿಗೆ 9,720 ಗೆರೆ ಆಯ್ತು. ಎರಡು ಗೆರೆ ನಡುವಿನ ದೂರ 25.4 ಮಿ.ಮೀ. ಭಾಗಿಸು 180, ಅಂದ್ರೆ ಸುಮಾರು 0.14 ಮಿ.ಮೀ. ಕ್ಯಾರೇಜಿನ ಬೆನ್ನ ಮೇಲಿರೋ ಸೆನ್ಸರ್ ಈ ಗೆರೆಗಳ ಮೂಲಕ ಬೆಳಕು ಹಾಯೋದನ್ನ ಎಣಿಸ್ತಾ ಹೋಗ್ತದೆ. ಎ ಮತ್ತು ಬಿ ಅಂತ ಎರಡು ಸಿಗ್ನಲ್, ಕಾಲು ಸುತ್ತು ಹಿಂದೆ ಮುಂದೆ. ಹಾಗಾಗಿ ಒಂದು ಗೆರೆಗೆ ನಾಲ್ಕು ಎಣಿಕೆ, ಒಂದು ಎಣಿಕೆ ಸುಮಾರು 0.035 ಮಿ.ಮೀ. ಕ್ಯಾರೇಜ್ ಎಲ್ಲಿದೆ, ಯಾವ ಕಡೆ ಹೋಗ್ತಿದೆ, ಎಷ್ಟು ವೇಗ, ಎಲ್ಲ ಕಂಟ್ರೋಲರ್‌ಗೆ ಗೊತ್ತಾಗೋದು ಈ ಎಣಿಕೆಯಿಂದಲೇ. ಫೀಡ್‌ಬ್ಯಾಕ್ ಅಂತ ಬಾಕ್ಸ್ ಬರೆದು ಬಾಣ ಎಳೀತೀವಲ್ಲ, ಆ ಬಾಣವೇ ಈ ಪಟ್ಟಿ.

ಒಂದು ಹೆಬ್ಬೆರಳ ಗುರುತು 15 ಮಿ.ಮೀ. ಅಗಲ ಅಂತಿಟ್ಕೊಳ್ಳಿ. ಅಲ್ಲಿಗೆ ನೂರಕ್ಕೂ ಹೆಚ್ಚು ಗೆರೆ ಮುಚ್ಚಿಹೋಯ್ತು. ಕ್ಯಾರೇಜ್ ಓಡ್ತಾನೇ ಇದೆ, ಆದ್ರೆ ಎಣಿಕೆ ನಿಂತಿದೆ. ಕಂಟ್ರೋಲರ್ ಏನು ಅಂದ್ಕೊಳ್ತದೆ? ನಾನು ಹೋಗು ಅಂದ್ರೂ ಮೋಟಾರ್ ಹೋಗ್ತಿಲ್ಲ ಅಂತ. ಇನ್ನೂ ಜೋರು ಕರೆಂಟ್ ಕೊಡ್ತದೆ, ಕ್ಯಾರೇಜ್ ಒದ್ದಂಗೆ ನುಗ್ತದೆ, ಹೇಳಿದ್ದಕ್ಕೂ ಆಗಿದ್ದಕ್ಕೂ ವ್ಯತ್ಯಾಸ ಮಿತಿ ಮೀರ್ತದೆ, ಎಲ್ಲ ನಿಲ್ಲಿಸಿ ‘ಮೋಟಾರ್ ಎರರ್’ ಅಂತ ತೋರಿಸ್ತದೆ. ಯಂತ್ರ ಸುಳ್ಳು ಹೇಳಲಿಲ್ಲ. ಅದಕ್ಕೆ ಅನ್ನಿಸಿದ್ದನ್ನ ಹೇಳಿತು. ಜ್ವರ ಬಂದಿದೆ ಅಂತ ಥರ್ಮಾಮೀಟರ್ ಹೇಳ್ತದೆ, ಯಾಕೆ ಬಂತು ಅಂತ ಹೇಳಲ್ಲ. ಅಷ್ಟು ಲೆಕ್ಕ ಗೊತ್ತಿದ್ದ ನಾವು ಎರರ್ ಮೆಸೇಜನ್ನ ಉತ್ತರ ಅಂತ ಓದಿದ್ವಿ. ಅಣ್ಣನಿಗೆ ಅದು ಬರೀ ದೂರು. ತನಿಖೆ ಇನ್ನೂ ಬಾಕಿ.

ಕೆಲಸ ಮುಗಿದ ಮೇಲೆ ಟೀ ಕುಡೀತಾ ನಾವು ಅವರನ್ನ ಕೇಳಿ ಕೇಳಿ ಬರ್ಕೊಂಡ್ವಿ. ಇದು ನಮ್ಮ ಮೊದಲ ‘ರಿಪೇರಿ ಕಾರ್ಡ್’. ಈ ಬರಹದಲ್ಲಿ ಇದೊಂದನ್ನಾದ್ರೂ ಉಳಿಸ್ಕೊಳ್ಳಿ.

ಕ್ಯಾರೇಜ್ ನಿಂತರೆ ಏನು ನೋಡಬೇಕು

1. ಒಳಗೆ ಕೈ ಹಾಕೋ ಮೊದಲು ಪ್ಲಗ್ ಕೀಳಿ. ರೋಲ್ ಅಥವಾ ಬಟ್ಟೆ ಹೊರಗೆ ತೆಗೆಯಿರಿ. ಕ್ಯಾರೇಜನ್ನ ಬಹಳ ಹೊತ್ತು ಮಧ್ಯದಲ್ಲಿ ಬಿಡಬೇಡಿ. ಹೆಡ್ ಕ್ಯಾಪಿನ ಮೇಲೆ ಕೂರದಿದ್ರೆ ಇಂಕ್ ಒಣಗಿ ಇನ್ನೊಂದು ತೊಂದರೆ ಶುರುವಾಗ್ತದೆ. ಹೆಡ್ಡಿನ ತಳ ಮುಟ್ಟಲೇಬೇಡಿ.

2. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ: ಆ ಜಾಗದಲ್ಲೇ ಏನೋ ಇದೆ. ಸ್ಟ್ರಿಪ್ ಮೇಲೆ ಕಲೆ, ಗೀರು, ರೈಲಿನಲ್ಲಿ ಒಣಗಿದ ಇಂಕ್, ಎದ್ದ ವಿನೈಲ್ ಅಂಚು, ನೂಲು.

3. ಶುರುವಿನಲ್ಲೇ, ಬಲತುದಿಯ ಮನೆ ಬಿಟ್ಟು ಏಳೋವಾಗಲೇ ನಿಂತರೆ: ಕ್ಯಾಪಿನ ಹತ್ತಿರ ಇಂಕ್ ಗಟ್ಟಿಯಾಗಿ ಕಚ್ಕೊಂಡಿರಬಹುದು, ಇಲ್ಲಾ ಮನೆ ಗುರುತಿಸೋ ಸೆನ್ಸರ್ ಮಸುಕಾಗಿರಬಹುದು.

4. ಒಂದೊಂದು ಸಲ ಒಂದೊಂದು ಕಡೆ ನಿಂತರೆ: ಕ್ಯಾರೇಜ್ ಜೊತೆ ಮಡಚಿ ಬಿಚ್ಚಿ ಓಡಾಡೋ ಕೇಬಲ್ ಒಳಗೆ ತುಂಡಾಗಿರಬಹುದು. ಸೆನ್ಸರ್‌ನಲ್ಲೇ ಇಂಕಿನ ಮಂಜು ಕೂತಿರಬಹುದು. ಕರೆಂಟ್ ಏರಿಳಿತ ಇರಬಹುದು. ಮೋಟಾರ್ ಮೇಲೆ ಅನುಮಾನ ಪಡಬೇಕಾದ್ದು ಇಲ್ಲಿ.

5. ನಿಧಾನ ಹೋದ್ರೆ ಸರಿ, ಜೋರು ಹೋದ್ರೆ ಮಾತ್ರ ನಿಂತರೆ: ಬೆಲ್ಟ್ ಸಡಿಲ, ಬೆಲ್ಟಿನ ಹಲ್ಲು ಸವೆದಿದೆ, ಪುಲ್ಲಿ ಸಡಿಲ, ಇಲ್ಲಾ ರೈಲು ಒಣಗಿ ಬಿಗಿಯಾಗಿದೆ.

6. ಪ್ರಿಂಟ್ ಸರಿ, ಕಟಿಂಗ್‌ನಲ್ಲಿ ಮಾತ್ರ ನಿಂತರೆ: ಬ್ಲೇಡ್ ಆಳ ಜಾಸ್ತಿಯಾಗಿ ವಿನೈಲಿನ ಕೆಳಗಿನ ಕಾಗದವನ್ನೂ ಕಚ್ತಾ ಇದೆಯಾ ನೋಡಿ. ಕತ್ತರಿಸಿದ ಚೂರು ಎದ್ದು ಬ್ಲೇಡಿಗೆ ಸಿಕ್ಕಿದೆಯಾ ನೋಡಿ.

7. ಇಷ್ಟೂ ನೋಡಿದ ಮೇಲೆ ಸರ್ವಿಸ್‌ಗೆ ಫೋನ್ ಮಾಡಿ. ‘ಕೆಟ್ಟಿದೆ’ ಅಂತ ಹೇಳೋ ಬದಲು ‘ಇಲ್ಲಿ ನಿಲ್ತದೆ, ಹೀಗೆ ನಿಲ್ತದೆ, ಕೈಯಲ್ಲಿ ತಳ್ಳಿದ್ರೆ ಹಿಡಿಯಲ್ಲ’ ಅಂತ ಹೇಳಿ. ಬರೋರು ಸರಿಯಾದ ಪಾರ್ಟ್ ಹಿಡ್ಕೊಂಡು ಬರ್ತಾರೆ.

ಇಷ್ಟು ಬರ್ಕೊಳ್ಳೋವಾಗ ನಮಗೆ ಒಂದು ವಿಷಯ ಗಮನಕ್ಕೆ ಬಂತು. ಇದೇ ಈ ಬರಹದಲ್ಲಿ ನಾವು ಮುಖ್ಯವಾಗಿ ಹೇಳಬೇಕಾಗಿರೋದು.

ಅಣ್ಣ ಬಳಸಿದ ಹೆಸರುಗಳೆಲ್ಲ ಇಂಗ್ಲಿಷ್. ಕ್ಯಾರೇಜ್, ಬೆಲ್ಟ್, ಸ್ಟ್ರಿಪ್, ಕ್ಯಾಪ್, ಹೆಡ್, ಸೆನ್ಸರ್. ಆದ್ರೆ ಕ್ರಿಯಾಪದಗಳೆಲ್ಲ ಕನ್ನಡ. ಕ್ಯಾರೇಜ್ ಹಿಡೀತದೆ. ಒದೀತದೆ. ನಡುಗ್ತದೆ. ಕಚ್ಕೊಳ್ತದೆ. ಜಾರ್ತದೆ. ಬಿಟ್ಟು ಬಿಟ್ಟು ಹೋಗ್ತದೆ. ಇವು ಆರೂ ಬೇರೆ ಬೇರೆ ಕಾಯಿಲೆ. ಹಿಡೀತದೆ ಅಂದ್ರೆ ರೈಲು ನೋಡು. ಒದೀತದೆ ಅಂದ್ರೆ ಎಣಿಕೆ ತಪ್ಪಿದೆ, ಸ್ಟ್ರಿಪ್ ನೋಡು. ಜಾರ್ತದೆ ಅಂದ್ರೆ ಬೆಲ್ಟಿನ ಹಲ್ಲು. ನಡುಗ್ತದೆ ಅಂದ್ರೆ ಬೆಲ್ಟಿನ ಬಿಗಿ. ಕಚ್ಕೊಳ್ತದೆ ಅಂದ್ರೆ ಕ್ಯಾಪಿನ ಹತ್ತಿರ ಇಂಕ್. ಬಿಟ್ಟು ಬಿಟ್ಟು ಹೋಗ್ತದೆ ಅಂದ್ರೆ ಕೇಬಲ್. ರೋಗ ಪತ್ತೆ ಮಾಡೋ ಇಡೀ ಜ್ಞಾನ ಆ ಕ್ರಿಯಾಪದಗಳಲ್ಲಿದೆ. ನಮ್ಮ ಹತ್ತಿರ ಇದ್ದದ್ದು ಬರೀ ಹೆಸರುಗಳು. ‘ಎರರ್’ ಅನ್ನೋ ಒಂದೇ ಒಂದು ಪದದಲ್ಲಿ ನಾವು ಆರು ಕಾಯಿಲೆನೂ ತುಂಬಿಬಿಟ್ಟಿದ್ವಿ.

ಈಗ ನಮ್ಮ ಸಂಘದ ಕಡೆ ನೋಡಿ. ತಂತ್ರಜ್ಞಾನದಲ್ಲಿ ಕನ್ನಡ ಅಂತ ನಾವು ಕಾರ್ಯಕ್ರಮ ಮಾಡಿದಾಗ ಏನು ಮಾಡ್ತೀವಿ? ಇಂಗ್ಲಿಷ್ ನಾಮಪದಕ್ಕೆ ಕನ್ನಡ ನಾಮಪದ ಹುಡುಕ್ತೀವಿ. ಕ್ವಿಜ್ ಇಡ್ತೀವಿ. ಗಣಕಯಂತ್ರ, ಸಂವೇದಕ, ಮುದ್ರಕ. ಗೆದ್ದವರಿಗೆ ಪುಸ್ತಕ ಕೊಡ್ತೀವಿ. ಮಾರನೇ ದಿನ ಆ ಪದ ಯಾರೂ ಬಳಸಲ್ಲ, ಬಹುಮಾನ ಗೆದ್ದವರೂ ಬಳಸಲ್ಲ. ಆ ಪದಗಳನ್ನ ಕಟ್ಟಿದವರ ಬಗ್ಗೆ ನಮಗೆ ಗೌರವ ಇದೆ, ಪುಸ್ತಕ ಬರೆಯೋಕೆ ಅವು ಬೇಕು. ಆದ್ರೆ ಸೆನ್ಸರನ್ನ ಸಂವೇದಕ ಅಂದ ಮಾತ್ರಕ್ಕೆ ಆ ರಾತ್ರಿ ಯಂತ್ರ ಓಡ್ತಿರಲಿಲ್ಲ. ‘ಎಲ್ಲಿ ನಿಲ್ತದೆ?’ ಅಂತ ಕೇಳೋಕೆ ಗೊತ್ತಿದ್ರೆ ಓಡ್ತಿತ್ತು. ಆ ಪ್ರಶ್ನೆಯಲ್ಲಿ ಒಂದೂ ಕಷ್ಟದ ಪದ ಇಲ್ಲ.

ವಿಜ್ಞಾನವನ್ನ ಕನ್ನಡಕ್ಕೆ ತರೋ ಕೆಲಸ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ ‘ವಿಜ್ಞಾನ’ ಅನ್ನೋ ಮಾಸಪತ್ರಿಕೆ ಶುರು ಮಾಡಿದ್ದು 1918ರಲ್ಲಿ. ಆಮೇಲೆ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೇ ಬರೆದ್ರು. 2021ರಲ್ಲಿ ಇಂಜಿನಿಯರಿಂಗನ್ನ ಭಾರತೀಯ ಭಾಷೆಗಳಲ್ಲಿ ಕಲಿಸೋಕೆ ಎಐಸಿಟಿಇ ಅವಕಾಶ ಕೊಟ್ಟಿತು, ಅದರಲ್ಲಿ ಕನ್ನಡವೂ ಇತ್ತು. ಇವೆಲ್ಲ ಪುಸ್ತಕದಿಂದ ಜನರ ಕಡೆಗೆ ಹೋಗೋ ದಾರಿ. ಆ ದಾರಿ ಬೇಕೇ ಬೇಕು. ಆದ್ರೆ ಅಂಗಡಿಯಿಂದ ಪುಸ್ತಕದ ಕಡೆಗೆ ಬರೋ ದಾರಿನೂ ಒಂದಿದೆ. ಅದರಲ್ಲಿ ಓಡಾಟ ಕಮ್ಮಿ. ಆ ದಾರಿಗೆ ಕನ್ನಡ ಸಾಕಾಗುತ್ತಾ ಅಂತ ಕೇಳೋ ಹಾಗೇ ಇಲ್ಲ, ಯಾಕಂದ್ರೆ ಅಲ್ಲಿ ಜ್ಞಾನ ಹುಟ್ಟಿರೋದೇ ಕನ್ನಡದಲ್ಲಿ.

ಈ ಮಾತನ್ನ ಹಾಸ್ಟೆಲಿನಲ್ಲಿ ಹೇಳಿದಾಗ ಮೂರು ಆಕ್ಷೇಪಣೆ ಬಂತು.

ಮೊದಲನೇದು: ಎಲ್ಲ ವಿಡಿಯೋ ಇದೆ, ಇಂಗ್ಲಿಷ್ ಕೈಪಿಡಿ ಇದೆ, ಕನ್ನಡದಲ್ಲಿ ಯಾಕೆ? ಕೈಪಿಡಿ ಆ ಅಂಗಡಿಯಲ್ಲೂ ಇತ್ತು. ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಮತ್ತೆ ಯಂತ್ರ ಮಾಡಿದವರಿಗೆ ಸೋಮವಾರಪೇಟೆ ಮಳೆ ಗೊತ್ತಿಲ್ಲ. ಇಂಥ ಯಂತ್ರಕ್ಕೆ ಗಾಳಿಯ ತೇವ ಸಾಮಾನ್ಯವಾಗಿ ಶೇಕಡ 35ರಿಂದ 80ರೊಳಗೆ ಇರಬೇಕು, ನೀರು ಹನಿಗಟ್ಟಬಾರದು ಅಂತ ಬರ್ದಿರ್ತಾರೆ. ಜುಲೈ ತಿಂಗಳಲ್ಲಿ ಇಲ್ಲಿ ಒಗೆದ ಬಟ್ಟೆ ವಾರವಾದ್ರೂ ಒಣಗಲ್ಲ. ಅದಕ್ಕೆ ಅಣ್ಣ ಮಳೆಗಾಲದಲ್ಲಿ ರೋಲುಗಳನ್ನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡ್ತಾರೆ, ಬೆಳಿಗ್ಗೆ ಯಂತ್ರ ಶುರು ಮಾಡೋ ಮೊದಲು ಬಾಗಿಲು ಹಾಕಿ ಬಲ್ಬ್ ಉರಿಸಿ ಕೋಣೆ ಬೆಚ್ಚಗೆ ಮಾಡ್ತಾರೆ, ಸ್ಟ್ರಿಪ್ಪನ್ನ ವಾರಕ್ಕೊಮ್ಮೆ ನೋಡ್ತಾರೆ. ಈ ಊರಿನ ಉಪಾಯ ಈ ಊರಿನವರೇ ಬರೀಬೇಕು.

ಎರಡನೇದು: ಅಂಗಡಿಯವರು ಹೇಳೋದೆಲ್ಲ ಸರಿ ಇರ್ತದಾ? ಇರಲ್ಲ. ಒಪ್ತೀವಿ. ಅಣ್ಣ ಸ್ಟ್ರಿಪ್ಪಿನ ಮೊಂಡು ಕಲೆಗೆ ಕೆಲವು ಸಲ ಥಿನ್ನರ್ ಹಾಕ್ತಿದ್ರಂತೆ. ಗಟ್ಟಿ ದ್ರಾವಕ ತಾಗಿದ್ರೆ ಕಲೆ ಜೊತೆ ಗೆರೆಗಳೇ ಅಳಿಸಿ ಹೋಗಬಹುದು. ರೈಲಿಗೆ ಸಿಕ್ಕಿದ ಎಣ್ಣೆ ಬಿಡೋದೂ ಅಷ್ಟೇ, ಎಣ್ಣೆಗೆ ಧೂಳು ಅಂಟಿ ಇನ್ನೂ ಬಿಗಿಯಾಗ್ತದೆ. ಆ ರಾತ್ರಿ ನಾವು ಕೈಪಿಡಿಯ ಕವರ್ ಬಿಚ್ಚಿ, ಸ್ವಚ್ಛಗೊಳಿಸೋ ಅಧ್ಯಾಯ ಓದಿ ಹೇಳಿದ್ವಿ. ಅವರು ಕೇಳ್ಕೊಂಡು "ಹೌದಾ? ಹಾಗಾದ್ರೆ ಹೋದ ವರ್ಷ ಒಂದು ಸ್ಟ್ರಿಪ್ ಕೆಟ್ಟಿದ್ದು ನನ್ನಿಂದಲೇ" ಅಂದ್ರು. ನೂಲು ಬಿಡದ ಬಟ್ಟೆಯಲ್ಲಿ ಮೊದಲು ಒಣಗೇ ಒರೆಸೋದು, ಹೋಗದಿದ್ರೆ ಬಟ್ಟೆಯನ್ನ ಸ್ವಲ್ಪ ಮಾತ್ರ ಒದ್ದೆ ಮಾಡಿ ಒರೆಸೋದು ಅಂತ ಕಾರ್ಡಿಗೆ ಸೇರಿಸಿದ್ವಿ. ನಮ್ಮ ಇಂಗ್ಲಿಷ್ ವ್ಯರ್ಥ ಅಂತ ನಾವು ಹೇಳ್ತಾ ಇಲ್ಲ. ಅದು ಅರ್ಧ. ಇನ್ನರ್ಧ ಅಣ್ಣನ ಹತ್ತಿರ ಇತ್ತು. ಎರಡೂ ಒಂದೇ ಬೆಂಚಿನ ಮೇಲೆ ಕೂತ ಮೇಲೇ ಕಾರ್ಡ್ ಸರಿಯಾಯ್ತು.

ಮೂರನೇದು: ಪ್ಲೇಸ್‌ಮೆಂಟಿಗೆ ಇದರಿಂದ ಏನು ಉಪಯೋಗ? ನೇರವಾಗಿ ಹೇಳ್ತೀವಿ, ಗೊತ್ತಾದ್ದು ಇಷ್ಟು: ನಾಳೆ ಯಾವ ಕಂಪನಿಗೆ ಹೋದ್ರೂ ಕೆಟ್ಟು ನಿಂತ ಏನೋ ಒಂದರ ಮುಂದೆ ನಾವು ನಿಲ್ತೀವಿ. ಕೋಡ್ ಇರಬಹುದು, ಪಂಪ್ ಇರಬಹುದು. ಅದರ ಪಕ್ಕ ಅದನ್ನ ದಿನಾ ನಡೆಸೋ ಒಬ್ಬರು ಇರ್ತಾರೆ. ಅವರನ್ನ ಕೇಳೋ ಮೊದಲೇ ಪರದೆ ಓದಿ ತೀರ್ಪು ಕೊಡೋ ಅಭ್ಯಾಸ ನಮಗೆ ಆಗಿಬಿಟ್ಟಿದೆ. ಪರೀಕ್ಷೆಯಲ್ಲಿ ಪ್ರಶ್ನೆಯ ಒಳಗೇ ಉತ್ತರದ ಸುಳಿವು ಇರ್ತದೆ. ಅಂಗಡಿಯಲ್ಲಿ ಹಾಗಿರಲ್ಲ. ನಮ್ಮ ತೀರ್ಪಿನಿಂದ ಆವತ್ತು ನಮಗೆ ಹೋಗ್ತಿದ್ದದ್ದು ಒಂದು ಬ್ಯಾನರ್. ಯಜಮಾನರಿಗೆ ಹೋಗ್ತಿದ್ದದ್ದು ಒಂದು ಮೋಟಾರಿನ ದುಡ್ಡು. ಬೆಂಚಿನ ಮೇಲೆ ಕಾಯ್ತಿದ್ದವರು, ಮಾರನೇ ದಿನ ತಂದೆಯ ಫೋಟೋ ಇಲ್ಲದೆ ನಿಲ್ಲಬೇಕಾಗ್ತಿತ್ತು.

ಹಾಗಾಗಿ ಸಂಘದ ಮುಂದೆ ನಮ್ಮದೊಂದು ಬೇಡಿಕೆ. ಈ ವರ್ಷ ಪದಕೋಶದ ಕ್ವಿಜ್ ಬಿಟ್ಟು ರಿಪೇರಿ ಕಾರ್ಡ್ ಮಾಡೋಣ. ಇಬ್ಬಿಬ್ಬರ ಜೋಡಿ. ಒಂದು ಜೋಡಿಗೆ ಒಂದು ಅಂಗಡಿ, ಒಂದು ಯಂತ್ರ, ಒಂದು ತೊಂದರೆ, ಒಂದು ಪುಟ. ಮೋಟಾರ್ ವೈಂಡಿಂಗ್ ಅಂಗಡಿ, ಕಾಫಿ ಪಲ್ಪರ್, ಅಕ್ಕಿ ಗಿರಣಿ, ಜೆರಾಕ್ಸ್ ಅಂಗಡಿ, ಬೈಕ್ ಗ್ಯಾರೇಜು. ಎಸ್ಟೇಟ್ ಕಡೆಯವರಿಗೆ ಪಲ್ಪರ್ ಹಿಡಿಯೋ ಕಾಲ ಬಂತು, ಈಗಲೇ ಹೋಗಿ. ಹೆಸರುಗಳನ್ನ ಅವರು ಹೇಳಿದ ಹಾಗೇ ಬರೀರಿ, ಅನುವಾದ ಮಾಡಬೇಡಿ. ಕ್ರಿಯಾಪದ ಒಂದನ್ನೂ ಬಿಡಬೇಡಿ. ‘ಗುಂಯ್ ಅಂತದೆ’ ಅಂದ್ರೆ ‘ಗುಂಯ್ ಅಂತದೆ’ ಅಂತಲೇ ಬರೀರಿ, ‘ಅಸಹಜ ಶಬ್ದ’ ಅಂತ ತಿದ್ದಬೇಡಿ. ನಿಮ್ಮ ಕೈಲಾಗೋ ಲೆಕ್ಕ, ಕೈಪಿಡಿಯ ಮಾತು ಕೆಳಗೆ ಸೇರಿಸಿ. ಆಮೇಲೆ ಕಾರ್ಡನ್ನ ವಾಪಸ್ ಅಂಗಡಿಗೆ ತಗೊಂಡು ಹೋಗಿ ಓದಿ ಹೇಳಿ. ಅವರು ಹ್ಞೂಂ ಅಂದ್ರೆ ಮಾತ್ರ ಪ್ರಕಟ ಮಾಡೋಣ. ಒಂದು ಪ್ರತಿ ಅಂಗಡಿ ಗೋಡೆಗೆ.

ನಮ್ಮ ಕಾರ್ಡನ್ನ ಹೋದ ಭಾನುವಾರ ಸೋಮವಾರಪೇಟೆಗೆ ತಗೊಂಡು ಹೋಗಿದ್ವಿ. ಟೈಪ್ ಮಾಡಿ, ಚಂದದ ಫಾಂಟಿನಲ್ಲಿ. ಮೊದಲನೇ ಸಾಲಿನಲ್ಲಿ ‘ಕಾರ್ಯಾರಂಭಕ್ಕೂ ಮುನ್ನ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸತಕ್ಕದ್ದು’ ಅಂತ ಬರ್ದಿದ್ವಿ. ಒಂದು ಕ್ರೆಡಿಟ್ಟಿನ ಕನ್ನಡ ಅಲ್ವಾ. ಅಣ್ಣ ಎರಡು ಸಲ ಓದಿದ್ರು.

"ಇದೆಂತ ಇದು, ಕೆಇಬಿ ನೋಟಿಸ್ ತರ" ಅಂದ್ರು. ಪೆನ್ನು ತಗೊಂಡು ಹೊಡೆದುಹಾಕಿ, ಮೇಲೆ ಬರೆದ್ರು: ಪ್ಲಗ್ ಕೀಳಿ.

ಅದನ್ನೇ ಇಟ್ಕೊಂಡಿದ್ದೀವಿ.